ಓದುಗರ ಪ್ರಶ್ನೆ: ಬಿಳಿ ಕುದುರೆ ಸವಾರನ ಮೂಲ ಜನಪದ ಕಥೆ ಎಲ್ಲಿದೆ?

ಪ್ರಶ್ನೆ: ತೆಯೊಡೋರ್ ಷ್ಟೋರ್ಮ್ ಬರೆದ ‘ಡೆರ್ ಶಿಮ್ಮೆಲ್‌ರೈಟರ್’ (ಬಿಳಿ ಕುದುರೆ ಸವಾರ) ನೀಳ್ಗತೆ ಜರ್ಮನಿಯ ಉತ್ತರ ಫ್ರೀಸ್‌ಲ್ಯಾಂಡ್ ಕರಾವಳಿಯ ಹಳೆಯ ಜನಪದ ಕಥೆಯನ್ನು ಆಧರಿಸಿದ್ದಂತೆ. ಆ ಮೂಲ ಯಾವ ಸಂಗ್ರಹದಲ್ಲಿ ಸಿಗುತ್ತದೆ? ಕನ್ನಡಕ್ಕೆ ತರುವಾಗ ಅದನ್ನೂ ಅನುಬಂಧವಾಗಿ ಕೊಡುವ ಯೋಚನೆ ಇದೆ.

ಉತ್ತರ: ಉತ್ತರ ಫ್ರೀಸ್‌ಲ್ಯಾಂಡಿನ ಯಾವ ಸಂಗ್ರಹದಲ್ಲೂ ಇಲ್ಲ. ಹುಡುಕುವ ಶ್ರಮ ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಅದು ವೇಷ ಬದಲಿಸಿಕೊಂಡು ಮತ್ತೆ ಬರುತ್ತದೆ. ಒಮ್ಮೆ ‘ಮೂಲ ಐತಿಹ್ಯ ಯಾವುದು’, ಇನ್ನೊಮ್ಮೆ ‘ಹೌಕೆ ಹೈಯೆನ್ ಸಮಾಧಿ ಎಲ್ಲಿದೆ’. (ಹೌಕೆ ಕಥಾನಾಯಕ, ಕಡಲಿಗೆ ಹೊಸ ಒಡ್ಡು ಕಟ್ಟಿಸುವವನು.) ಎಲ್ಲದರ ಬುಡದಲ್ಲೂ ಇರುವುದು ಒಂದೇ ನಂಬಿಕೆ: ಊರವರು ತಲೆಮಾರುಗಳಿಂದ ಹೇಳುತ್ತಿದ್ದ ದೆವ್ವದ ಕಥೆಯನ್ನು ಷ್ಟೋರ್ಮ್ ಕೇಳಿಸಿಕೊಂಡು ಚೆಂದಮಾಡಿ ಬರೆದ ಎಂಬುದು. ಅದು ತಪ್ಪು. ಈ ಸಲ ಪುರಾವೆಗಳನ್ನೇ ಮುಂದಿಡುತ್ತೇನೆ, ಮುಂದೆ ಕೇಳುವವರಿಗೆ ಇದನ್ನೇ ತೋರಿಸಿ.

ಮೊದಲ ಸಾಕ್ಷಿ ಸ್ವತಃ ಷ್ಟೋರ್ಮ್. ಹೂಸುಮ್ ಊರಿನ ಈತ ಕಾನೂನು ಓದು ಮುಗಿಸಿದ ಹೊಸತರಲ್ಲಿ ಗೆಳೆಯರಾದ ತೆಯೊಡೋರ್ ಮೊಮ್ಸೆನ್, ಅವನ ತಮ್ಮ ಟ್ಯುಖೊ ಮೊಮ್ಸೆನ್ ಜೊತೆ ಸೇರಿ ತಮ್ಮ ಸೀಮೆಯ ಐತಿಹ್ಯ, ಕಥೆ, ಹಾಡುಗಳನ್ನು ಕಲೆಹಾಕುತ್ತಿದ್ದ. (ಹೌದು, ರೋಮಿನ ಇತಿಹಾಸ ಬರೆದು 1902ರಲ್ಲಿ ನೊಬೆಲ್ ಪಡೆದ ಮೊಮ್ಸೆನ್ ಈ ತೆಯೊಡೋರನೇ.) 1843ರ ಫೆಬ್ರವರಿಯಲ್ಲಿ ಮೊಮ್ಸೆನ್‌ಗೆ ಬರೆದ ಪತ್ರದಲ್ಲಿ ಷ್ಟೋರ್ಮ್ ಈ ಸವಾರನ ಪ್ರಸ್ತಾಪ ಮಾಡುತ್ತಾನೆ. ಪತ್ರದ ತಾತ್ಪರ್ಯ ಇಷ್ಟು: ಕಡಲೊಡ್ಡಿನ ಕಥೆಯಾದ್ದರಿಂದ ಇದು ಗುಣದಲ್ಲಿ ನಮ್ಮ ಕಡೆಗೆ ಚೆನ್ನಾಗಿ ಹೊಂದುತ್ತದೆ, ಆದರೆ ಏನು ಮಾಡುವುದು, ನಮ್ಮ ನಾಡಿನದಲ್ಲ, ಅಚ್ಚಾಗಿದ್ದ ವಾರಪತ್ರಿಕೆಯೂ ಇನ್ನೂ ಸಿಕ್ಕಿಲ್ಲ. ನೀಳ್ಗತೆ ಪ್ರಕಟವಾದದ್ದು 1888ರಲ್ಲಿ. ಅಂದರೆ ನಲವತ್ತೈದು ವರ್ಷ ಮೊದಲೇ ‘ಇದು ನಮ್ಮದಲ್ಲ’ ಎಂದು ಲೇಖಕನೇ ಬರೆದಿಟ್ಟಿದ್ದಾನೆ. ಆ ಗೆಳೆಯರ ಸಂಗ್ರಹ ಕೊನೆಗೆ ಕಾರ್ಲ್ ಮ್ಯೂಲೆನ್‌ಹೋಫ್ ಕೈಸೇರಿ 1845ರಲ್ಲಿ ಶ್ಲೆಸ್ವಿಗ್, ಹೋಲ್‌ಷ್ಟೈನ್, ಲಾವೆನ್‌ಬುರ್ಗ್ ಪ್ರಾಂತಗಳ ಐತಿಹ್ಯಗಳ ದೊಡ್ಡ ಪುಸ್ತಕವಾಯಿತು. ನೀವು ಹುಡುಕುತ್ತಿರುವ ಸಂಗ್ರಹ ಇದ್ದಿದ್ದರೆ ಅದೇ ಆಗಬೇಕಿತ್ತು. ಅದರಲ್ಲಿ ಈ ಸವಾರ ಇಲ್ಲ.

ಹಾಗಾದರೆ ಎಲ್ಲಿಯವನು? ವಿಸ್ಟುಲಾ ನದಿಯ ದಂಡೆಯವನು. ಇಂದಿನ ಪೋಲೆಂಡಿನ ಗ್ಡಾನ್ಸ್ಕ್, ಆಗಿನ ಡಾನ್‌ತ್ಸಿಗ್. ಅಲ್ಲಿನ ‘ಡಾನ್‌ತ್ಸಿಗರ್ ಡಾಂಫ್‌ಬೋಟ್’ ಪತ್ರಿಕೆಯಲ್ಲಿ 1838ರ ಏಪ್ರಿಲ್‌ನಲ್ಲಿ ದೆವ್ವದ ಸವಾರನೊಬ್ಬನ ಬಗ್ಗೆ ಪ್ರವಾಸಿಯ ಅನುಭವದ ರೂಪದಲ್ಲಿ ಒಂದು ಸಣ್ಣ ಬರಹ ಬಂತು. ಅದೇ ವರ್ಷ ಹ್ಯಾಂಬರ್ಗಿನಲ್ಲಿ ಪಾಪ್ಪೆ ಹೊರತರುತ್ತಿದ್ದ ‘ಲೇಜೆಫ್ರ್ಯುಖ್ಟೆ’ ಎಂಬ ಆಯ್ದ ಬರಹಗಳ ಪತ್ರಿಕೆ ಅದನ್ನು ಮರುಮುದ್ರಿಸಿತು. ರಾತ್ರಿ ನದಿಯ ಒಡ್ಡಿನ ಮೇಲೆ ಹೋಗುವ ಪ್ರಯಾಣಿಕ ಬಿಳಿ ಕುದುರೆಯ ಸವಾರನನ್ನು ಕಾಣುತ್ತಾನೆ. ಒಡ್ಡು ಒಡೆದದ್ದಕ್ಕೆ ತಾನೇ ಹೊಣೆಯೆಂದು ಬಿರುಕಿನೊಳಕ್ಕೆ ಕುದುರೆ ಹಾರಿಸಿ ಸತ್ತ ಅಧಿಕಾರಿ ಅವನು, ಅಪಾಯ ಬಂದಾಗ ಕಾಣಿಸಿಕೊಳ್ಳುತ್ತಾನೆ ಎಂದು ಅವನಿಗೆ ತಿಳಿಯುತ್ತದೆ. ಆ ಬರಹದಲ್ಲಿ ಸಮುದ್ರವೇ ಇಲ್ಲ. ಆ ಊರಿನವರ ಭಯ ಚಳಿಗಾಲ ಮುಗಿದು ನದಿಯಲ್ಲಿ ತೇಲಿಬರುವ ಹಿಮಗಡ್ಡೆಗಳದು. ಷ್ಟೋರ್ಮ್ ನದಿಯ ಜಾಗದಲ್ಲಿ ಉತ್ತರ ಸಮುದ್ರವನ್ನು, ಹಿಮಗಡ್ಡೆಯ ಜಾಗದಲ್ಲಿ ಅಕ್ಟೋಬರ್ ಬಿರುಗಾಳಿಯ ಉಬ್ಬರವನ್ನು ತಂದ. ಅನುಬಂಧ ಕೊಡಲೇಬೇಕೆಂದಿದ್ದರೆ ಈ ಪತ್ರಿಕಾ ಬರಹವನ್ನು ಕೊಡಿ, ‘ಫ್ರೀಸಿಯನ್ ಜನಪದ’ ಎಂಬ ತಲೆಬರಹ ಮಾತ್ರ ಹಾಕಬೇಡಿ.

‘ಆದರೆ ಮುತ್ತಜ್ಜಿಯ ಮನೆಯಲ್ಲಿ ತಿಳಿಯಿತು ಎಂದು ಅವನೇ ಮೊದಲ ಪುಟದಲ್ಲಿ ಹೇಳುತ್ತಾನಲ್ಲ?’ ಈ ಆಕ್ಷೇಪ ಬಂದೇ ಬರುತ್ತದೆ. ಆ ಪುಟವನ್ನು ಸರಿಯಾಗಿ ಓದಿ. ಮುತ್ತಜ್ಜಿ ಕಥೆ ಹೇಳಿದಳು ಎಂದು ಅಲ್ಲಿಲ್ಲ. ಅವಳ ತೋಳುಕುರ್ಚಿಯ ಪಕ್ಕ ಕೂತು, ನೀಲಿ ರಟ್ಟಿನ ಪತ್ರಿಕೆಯೊಂದನ್ನು ಓದುತ್ತಿದ್ದಾಗ ತಿಳಿಯಿತು ಎಂದಿದೆ. ಯಾವ ಪತ್ರಿಕೆ ಎಂಬುದು ಖಚಿತವಿಲ್ಲವೆನ್ನುತ್ತ ಪಾಪ್ಪೆಯ ಹ್ಯಾಂಬರ್ಗ್ ಪತ್ರಿಕೆಯ ಹೆಸರನ್ನೂ ಹೇಳುತ್ತಾನೆ, ಮುಂದೆ ಅದು ಸಿಗಲೇ ಇಲ್ಲ, ನಿಜಕ್ಕೆ ನಾನು ಹೊಣೆಯಲ್ಲ ಎಂದೂ ಸೇರಿಸುತ್ತಾನೆ. ಇನ್ನೂ ಒಂದಿದೆ. ಆ ಮುತ್ತಜ್ಜಿ ಎಲ್ಸಾಬೆ ಫೆಡರ್ಸೆನ್ ತೀರಿಕೊಂಡದ್ದು 1829ರಲ್ಲಿ. ಬರಹ ಅಚ್ಚಾದದ್ದು 1838ರಲ್ಲಿ. ನೆನಪು ಕಲಸಿಹೋಯಿತೋ, ಬೇಕೆಂದೇ ಕೂಡಿಸಿದನೋ, ಹೇಗಿದ್ದರೂ ಆ ಮೊದಲ ಪುಟ ದಾಖಲೆಯಲ್ಲ, ಕಥೆಯ ಭಾಗ. ಹಿನ್ನುಡಿಗಳಲ್ಲಿ ಅದನ್ನೇ ದಾಖಲೆಯೆಂದು ಎತ್ತಿಕೊಂಡಾಗಲೆಲ್ಲ ಈ ಗೊಂದಲ ಹೊಸದಾಗಿ ಹುಟ್ಟುತ್ತದೆ.

ಸ್ಥಳೀಯವಾದದ್ದು ಏನೂ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಹೊಸ ಒಡ್ಡು ನಿಲ್ಲಬೇಕಾದರೆ ಜೀವವಿರುವ ಏನನ್ನಾದರೂ ಅದರೊಳಗೆ ಹೂಳಬೇಕೆಂಬ ನಂಬಿಕೆ ನಿಜವಾಗಿಯೂ ಆ ಕರಾವಳಿಯದು. ಕೆಲಸಗಾರರು ನಾಯಿಮರಿಯನ್ನು ಮಣ್ಣಿಗೆ ಎಸೆಯುವುದು, ಹೌಕೆ ಅದನ್ನು ಎತ್ತಿಕೊಳ್ಳುವುದು ಅಲ್ಲಿಂದ ಬಂದ ದೃಶ್ಯ. ಕೆರೆಗೆ ಸೊಸೆಯನ್ನು ಬಲಿಕೊಟ್ಟ ಹಾಡು ಕೇಳಿ ಬೆಳೆದ ನಮಗೆ ಇದು ತಟ್ಟನೆ ಹತ್ತಿರವಾಗುತ್ತದೆ. ಇಡೀ ಕಥೆಯೇ ಜನಪದ ಎಂದು ನಂಬಲು ನಾವು ಅಷ್ಟು ಸುಲಭವಾಗಿ ತಯಾರಾಗುವುದಕ್ಕೆ ಇದೂ ಒಂದು ಕಾರಣವಿರಬೇಕು. ತಾನೇ ಗಣಿತ ಕಲಿತ ಹುಡುಗ ಹೌಕೆಯ ಚಿತ್ರಕ್ಕೆ ಮಾದರಿಯಾಗಿ ಫಾರೆಟೋಫ್ಟ್‌ನ ಹಾನ್ಸ್ ಮೊಮ್ಸೆನ್ (1735–1811) ಇದ್ದಾನೆ, ಕಥೆಯಲ್ಲೇ ಅವನ ಹೆಸರು ಬರುತ್ತದೆ. ಸಮುದ್ರದ ಕಡೆಗೆ ಇಳಿಜಾರಾಗಿ ಚಾಚಿದ ಒಡ್ಡನ್ನು ಆ ಸೀಮೆಯಲ್ಲಿ ಕಟ್ಟಿಸಿದ್ದು ಹದಿನೆಂಟನೇ ಶತಮಾನದ ಜಾನ್ ಆನ್ರಿ ದೆಮೆರ್ಸಿಯೆರ್. ಕೊನೆಯ ಪ್ರಳಯಕ್ಕೆ 1756ರ ಅಕ್ಟೋಬರ್ ಉಬ್ಬರವಿದೆ. ಕಟ್ಟಡದ ವಿವರಗಳಿಗಾಗಿ ಷ್ಟೋರ್ಮ್ ಹೈಡೆ ಊರಿನ ಎಂಜಿನಿಯರ್ ಎಕರ್ಮನ್‌ನನ್ನು ಕೇಳಿ ಕೇಳಿ ತಿಳಿದುಕೊಂಡ. ಒಡ್ಡು, ಲೆಕ್ಕ, ಜಗಳ, ಹವೆ ಎಲ್ಲವೂ ಊರಿನವು. ದೆವ್ವ ಮಾತ್ರ ಪರವೂರಿನದು.

ಆಮೇಲೆ ನಡೆದದ್ದು ಇನ್ನೂ ತಮಾಷೆ. 1950ರ ದಶಕದ ಕೊನೆಯಲ್ಲಿ ಉತ್ತರ ಫ್ರೀಸ್‌ಲ್ಯಾಂಡಿನಲ್ಲಿ ಸಮುದ್ರದಿಂದ ಹೊಸದಾಗಿ ಗೆದ್ದ ನೆಲಕ್ಕೆ ‘ಹೌಕೆ-ಹೈಯೆನ್-ಕೋಗ್’ ಎಂದು ಹೆಸರಿಟ್ಟರು. ಈಗ ನಕ್ಷೆಯಲ್ಲಿ ಆ ಹೆಸರು ನೋಡಿದವರು ‘ನೋಡಿ, ನಿಜವಾಗಿಯೂ ಇದ್ದ’ ಎನ್ನುತ್ತಾರೆ. ಕಥೆಯಿಂದ ಊರಿಗೆ ಹೆಸರು ಬಂತು, ಊರಿನಿಂದ ಕಥೆಗೆ ಬಂದದ್ದಲ್ಲ.

ಇನ್ನು ನಿಮ್ಮ ಅನುವಾದದ ವಿಚಾರ. ಜನಪದ ಎಂಬ ನಂಬಿಕೆ ಹೆಚ್ಚು ಹಾನಿ ಮಾಡುವುದು ಇಲ್ಲಿಯೇ. ಕಥೆಗೆ ಮೂರು ಬಾಗಿಲು. ಮೊದಲು ಪತ್ರಿಕೆ ಓದಿದ ‘ನಾನು’. ಅವನ ಒಳಗೆ 1820ರ ದಶಕದ ಅಕ್ಟೋಬರ್ ಸಂಜೆ ಒಡ್ಡಿನ ಮೇಲೆ ಕುದುರೆಯಲ್ಲಿ ಬರುವ ಇನ್ನೊಬ್ಬ ‘ನಾನು’. ಅವನಿಗೆ ಹೋಟೆಲಿನಲ್ಲಿ ಕಥೆ ಹೇಳುವ ಮುದಿ ಮೇಷ್ಟ್ರು ಮೂರನೆಯವನು. ಮೇಷ್ಟ್ರು ಬುದ್ಧಿವಾದಿ, ತನ್ನ ಮನೆಗೆಲಸದ ಆಂತ್ಯೆ ಫೋಲ್‌ಮರ್ಸ್ ಹೇಳಿದರೆ ಕಥೆ ಇನ್ನೂ ಸರಿಯಾಗಿರುತ್ತಿತ್ತು ಎಂದು ಅಲ್ಲಿನ ಒಡ್ಡಿನ ಯಜಮಾನ ಮೊದಲೇ ಗೊಣಗುತ್ತಾನೆ. ನಿಜವಾದ ಜನಪದ ಕಥೆ ಆಂತ್ಯೆಯ ಬಾಯಲ್ಲಿದೆ, ಅದನ್ನು ಷ್ಟೋರ್ಮ್ ನಮಗೆ ಕೇಳಿಸುವುದೇ ಇಲ್ಲ! ವೃತ್ತಿಯಿಂದ ನ್ಯಾಯಾಧೀಶನಾಗಿದ್ದವನು, ಕೇಳಿದ ಮಾತಿಗೂ ಕಂಡ ಮಾತಿಗೂ ಇರುವ ಅಂತರ ಬಲ್ಲವನು. ಮೊದಲ ಬಾಗಿಲು ಬೇಸರ ತರಿಸುತ್ತದೆಂದು ಕತ್ತರಿಸಿದರೆ ಈ ಏರ್ಪಾಡೆಲ್ಲ ಕುಸಿದು, ಉಳಿಯುವುದು ಅಜ್ಜಿಕಥೆ ಮಾತ್ರ.

ಕನ್ನಡದಲ್ಲಿ ನಿಮಗೊಂದು ಅನುಕೂಲವಿದೆ, ಅದೇ ಅಪಾಯವೂ ಹೌದು: ‘ಅಂತೆ’. ಮೇಷ್ಟ್ರು ‘ಜನ ಹೀಗನ್ನುತ್ತಾರೆ’ ಎಂದು ದೂರ ನಿಂತು ಹೇಳುವ ಕಡೆ ಮಾತ್ರ ಅದನ್ನು ಬಳಸಿ. ವಾಕ್ಯವಾಕ್ಯಕ್ಕೂ ಹಾಕಿದರೆ ಒಡ್ಡಿನ ಲೆಕ್ಕವೂ ದೆವ್ವದಷ್ಟೇ ಅನುಮಾನದ್ದಾಗುತ್ತದೆ. ಯೇವರ್ಸ್‌ಹಾಲಿಗ್ ದ್ವೀಪದ ದೃಶ್ಯದಲ್ಲಿ ಇದನ್ನು ಪರೀಕ್ಷಿಸಿ ನೋಡಿ. ಬೆಳುದಿಂಗಳಲ್ಲಿ ದಡದಿಂದ ನೋಡುವ ಆಳು ಈವೆನ್‌ಗೆ ದ್ವೀಪದಲ್ಲಿ ಬಿಳಿ ಕುದುರೆ ಕಾಣುತ್ತದೆ. ದೋಣಿಯಲ್ಲಿ ಹೋದ ಹುಡುಗ ಕಾರ್ಸ್ಟೆನ್‌ಗೆ ಸಿಗುವುದು ಕುದುರೆಯ ಎಲುಬುಗೂಡು ಮಾತ್ರ. ಅದೇ ಕ್ಷಣ ಈವೆನ್‌ಗೆ ಇತ್ತಲಿಂದ ಕುದುರೆ ಕಾಣುತ್ತಲೇ ಇರುತ್ತದೆ. ಷ್ಟೋರ್ಮ್ ಇಬ್ಬರಲ್ಲಿ ಯಾರ ಪರವೂ ನಿಲ್ಲುವುದಿಲ್ಲ. ಇಬ್ಬರ ಮಾತಿಗೂ ನೇರ ಕ್ರಿಯಾಪದವನ್ನೇ ಕೊಡಿ. ಒಬ್ಬನಿಗೆ ಕಂಡಿತು, ಇನ್ನೊಬ್ಬನಿಗೆ ಕಂಡಂತಾಯಿತು ಎಂದು ಬರೆದಿರೋ, ತೀರ್ಪು ನೀವೇ ಕೊಟ್ಟಂತೆ.

ಪಠ್ಯ ಯಾವುದು? ಕಥೆ 1888ರ ಏಪ್ರಿಲ್, ಮೇ ಸಂಚಿಕೆಗಳಲ್ಲಿ ‘ಡಾಯ್ಚೆ ರುಂಡ್‌ಷೌ’ ಪತ್ರಿಕೆಯಲ್ಲಿ ಬಂತು, ಜುಲೈ 4ರಂದು ಷ್ಟೋರ್ಮ್ ತೀರಿಕೊಂಡ, ಅದೇ ವರ್ಷ ಬರ್ಲಿನ್ನಿನ ಪೇಟೆಲ್ ಪುಸ್ತಕವಾಗಿ ತಂದರು. ಲಾಗೆ ಮತ್ತು ಲೋಮಾಯರ್ ಸಂಪಾದಿಸಿದ ನಾಲ್ಕು ಸಂಪುಟಗಳ ಆವೃತ್ತಿ (1987–88) ಟಿಪ್ಪಣಿಗಳ ಸಮೇತ ಸಿಗುತ್ತದೆ, ಅದನ್ನೇ ಹಿಡಿಯಿರಿ. ಇಂಗ್ಲಿಷಿನ ಜೇಮ್ಸ್ ರೈಟ್, ಡೆನಿಸ್ ಜಾಕ್ಸನ್ ಅನುವಾದಗಳನ್ನು ಅನುಮಾನ ಬಂದಲ್ಲಿ ಹೋಲಿಸಲು ಇಟ್ಟುಕೊಳ್ಳಿ, ಅವುಗಳಿಂದಲೇ ಅನುವಾದಿಸಬೇಡಿ. ಒಳನಾಡಿನ ಓದುಗರಿಗೆಂದು ಷ್ಟೋರ್ಮ್ ತಾನೇ ಬರೆದ ಪುಟ್ಟ ಪದಕೋಶವೂ ಇದೆ. ಕೆಸರು, ಗೆದ್ದ ನೆಲ, ಒಡ್ಡಿಲ್ಲದ ದ್ವೀಪ, ಮನೆ ಕಟ್ಟುವ ದಿಬ್ಬ ಎಲ್ಲಕ್ಕೂ ಒಂದೊಂದು ಸಾಲು. ಅದನ್ನು ಬಿಡಬೇಡಿ. ಒಡ್ಡನ್ನು ಅಣೆಕಟ್ಟು ಮಾಡಲೂಬೇಡಿ. ಅಣೆಕಟ್ಟು ನೀರು ಕೂಡಿಡುತ್ತದೆ, ಇದು ಸಮುದ್ರವನ್ನು ಹೊರಗಿಡುತ್ತದೆ. ಅಘನಾಶಿನಿ ದಂಡೆಯ ಗಜನಿ ಗದ್ದೆಗಳ ಒಡ್ಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಒಡ್ಡು ಒಡೆದದ್ದು ಎಲ್ಲಿ, ಯಾಕೆ? ‘ಹೌಕೆಯ ಹೊಸ ಒಡ್ಡು ಸಮುದ್ರಕ್ಕೆ ಸೋತಿತು’ ಎಂದು ಬರೆಯುವವರಿದ್ದಾರೆ. ಸೋತಿಲ್ಲ, ಅದು ನಿಂತೇ ಇದೆ. ಹಳೆಯ ಒಡ್ಡಿನ ಕಡಲ ಮುಖ ಕಡಿದಾಗಿತ್ತು. ಅಲೆ ನೇರ ಬಡಿದು ಬುಡ ಕೊರೆಯುತ್ತದೆ. ಹೌಕೆಯ ಒಡ್ಡಿನ ಮುಖ ಉದ್ದದ ಇಳಿಜಾರು. ಅಲೆ ಅದರ ಮೇಲೆ ಹತ್ತುತ್ತ ಹತ್ತುತ್ತ ಬಲ ಕಳೆದುಕೊಳ್ಳುತ್ತದೆ. ಅಪಾಯವಿದ್ದದ್ದು ಹೊಸತು ಹಳೆಯದಕ್ಕೆ ಸೇರುವ ಜಾಗದಲ್ಲಿ. ಜ್ವರದಿಂದ ಎದ್ದು ತಪಾಸಣೆಗೆ ಹೋದ ಹೌಕೆಗೆ ಅಲ್ಲಿ ಕಾಣುವುದು ಹರಿವು ಕೊರೆದ ಹಳೆಯ ಒಡ್ಡು, ತೆರೆದುಬಿದ್ದ ಮಣ್ಣಿನೊಳಗೆ ಇಲಿಗಳ ಬಿಲಗಳ ಜಾಲ. ದೊಡ್ಡ ದುರಸ್ತಿ ಬೇಕೆಂದು ಅವನಿಗೆ ಗೊತ್ತು. ಖರ್ಚಾಗುತ್ತದೆ, ಇಷ್ಟೇ ಸಾಕು ಎಂದು ಅವನ ಎದುರಾಳಿ ಓಲೆ ಪೇಟರ್ಸ್ ಮತ್ತು ಉಳಿದವರು ತಗಾದೆ ತೆಗೆಯುತ್ತಾರೆ, ಕಾಯಿಲೆಯ ನಿಶ್ಶಕ್ತಿಯಲ್ಲಿ ಹೌಕೆ ಒಪ್ಪಿಬಿಡುತ್ತಾನೆ. ಅಕ್ಟೋಬರಿನ ರಾತ್ರಿ ಅದೇ ಓಲೆಯ ಅಪ್ಪಣೆಯ ಮೇರೆಗೆ ಜನ ಹೊಸ ಒಡ್ಡನ್ನು ಕಡಿಯಹೊರಟಾಗ ಹೌಕೆ ತಡೆಯುತ್ತಾನೆ, ಹಳೆಯದು ಒಡೆಯುತ್ತದೆ, ಅವನ ಹೆಂಡತಿ ಎಲ್ಕೆ, ಮಗಳು ವೀಂಕೆ ಅವನ ಕಣ್ಣೆದುರೇ ನೀರುಪಾಲಾಗುತ್ತಾರೆ. ಕೆಲಸದಲ್ಲಿ ತಪ್ಪಿದೆ ಎಂದು ಅವನು ದೇವರ ಮುಂದೆ ಒಪ್ಪಿಕೊಳ್ಳುವುದು ಆ ಸಣ್ಣ ದುರಸ್ತಿಯ ಬಗ್ಗೆ. ಪುಟ ಹೆಚ್ಚಾಯಿತೆಂದು ಪ್ರಕಾಶಕರು ಕತ್ತರಿಸಲು ಹೇಳಿದರೆ ಬೇರೆ ಏನನ್ನಾದರೂ ಕೊಡಿ, ಆ ತಪಾಸಣೆಯ ಪುಟಗಳನ್ನು ಕೊಡಬೇಡಿ.