ಹಳೆ ವಿಮಾನ, ಹೊಸ ಪೆಟ್ಟಿಗೆ: ಬಿಲ್ ಯಾರ ತಲೆಗೆ?

ಸ್ವಂತ ವಿಮಾನ ಅಂದ ಕೂಡಲೇ ನಮಗೆ ನೆನಪಾಗುವುದು ದೊಡ್ಡ ಉದ್ಯಮಿಗಳ ಜೆಟ್. ಅಮೆರಿಕದಲ್ಲಿ ಕತೆ ಬೇರೆ. ಅಲ್ಲಿ ರೈತರು, ಮೇಷ್ಟ್ರುಗಳು, ನಿವೃತ್ತರು ಕೂಡ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನ ಇಟ್ಟುಕೊಂಡಿರುತ್ತಾರೆ. ಎಷ್ಟೋ ವಿಮಾನಗಳು 1960–70ರ ದಶಕದವು. 1978ರ ಒಂದೇ ವರ್ಷದಲ್ಲಿ ಅಲ್ಲಿನ ಕಂಪನಿಗಳು ಇಂಥ ಖಾಸಗಿ ಬಳಕೆಯ ವಿಮಾನಗಳನ್ನು 17 ಸಾವಿರಕ್ಕೂ ಜಾಸ್ತಿ ತಯಾರಿಸಿ ಕಳಿಸಿದ್ದವು. 1994ರ ಹೊತ್ತಿಗೆ ಆ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿದಿತ್ತು. ಹಾಗಾಗಿ ಇದ್ದ ಹಳೆಯದನ್ನೇ ಜೋಪಾನ ಮಾಡಿಕೊಂಡು ಹಾರಿಸುವುದು ರೂಢಿ.

ಕೊಳ್ಳುವುದಕ್ಕಿಂತ ಸಾಕುವುದೇ ಕಷ್ಟ. ಹ್ಯಾಂಗರ್ ಬಾಡಿಗೆ, ವಿಮೆ, 12 ತಿಂಗಳಿಗೊಮ್ಮೆ ಕಡ್ಡಾಯ ತಪಾಸಣೆ. ಸೆಸ್ನಾ 172 ಎಂಬ ಪುಟ್ಟ ವಿಮಾನ ಗಂಟೆಗೆ ಸುಮಾರು 30 ಲೀಟರ್ ಇಂಧನ ಕುಡಿಯುತ್ತದೆ. ಸುಮಾರು 2,000 ಗಂಟೆ ಹಾರಿದ ಮೇಲೆ ಎಂಜಿನ್ ಬಿಚ್ಚಿ ಓವರ್‌ಹಾಲ್ ಮಾಡಿಸಬೇಕು. ಇಷ್ಟೆಲ್ಲ ಸಾಲದು ಅಂತ ಆಗಾಗ ಸರ್ಕಾರದಿಂದ ಒಂದು ಆದೇಶ ಬರುತ್ತದೆ: ಈ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕಿಸಿ, ಇಲ್ಲದಿದ್ದರೆ ಇಲ್ಲಿಗೆ ಬರಬೇಡಿ.

ಇಂಥ ಆದೇಶಗಳ ಹಿಂದೆ ಸಾಮಾನ್ಯವಾಗಿ ಒಂದು ದುರಂತ ಇರುತ್ತದೆ. 1956ರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತರು. ಎರಡೇ ವರ್ಷದಲ್ಲಿ, ವಿಮಾನಯಾನದ ನಿಯಮ ಮಾಡುವ ಇಂದಿನ ಸರ್ಕಾರಿ ಸಂಸ್ಥೆ ಎಫ್‌ಎಎ ಹುಟ್ಟಿತು. 1972ರಲ್ಲಿ ಅಲಾಸ್ಕಾದಲ್ಲಿ ಇಬ್ಬರು ಸಂಸದರಿದ್ದ ಸೆಸ್ನಾ ಕಾಣೆಯಾಯಿತು, ಇವತ್ತಿಗೂ ಸಿಕ್ಕಿಲ್ಲ. ಬಿದ್ದ ಜಾಗದಿಂದ ಸಿಗ್ನಲ್ ಕಳಿಸುವ ಬೀಕನ್ ಕಡ್ಡಾಯ ಮಾಡುವ ಕಾನೂನು 1970ರಲ್ಲೇ ಬಂದಿತ್ತು. ಈ ಘಟನೆಯಾದ ಮೇಲೆ ಅದರ ಅಗತ್ಯ ಎದ್ದು ಕಂಡಿತು. ತಮಾಷೆ ಅಂದರೆ, 2009ರ ಫೆಬ್ರವರಿಯಲ್ಲಿ ಉಪಗ್ರಹಗಳು ಆ ಹಳೆ ಬೀಕನ್‌ಗಳ 121.5 ಮೆಗಾಹರ್ಟ್ಸ್ ತರಂಗ ಕೇಳುವುದನ್ನೇ ನಿಲ್ಲಿಸಿದವು. ಪೆಟ್ಟಿಗೆ ಕಾನೂನಿನ ಪ್ರಕಾರ ಸರಿಯಾಗಿಯೇ ಇದೆ. ಮೇಲೆ ಕೇಳಿಸಿಕೊಳ್ಳುವವರಿಲ್ಲ, ಅಷ್ಟೇ.

1986ರಲ್ಲಿ ಕ್ಯಾಲಿಫೋರ್ನಿಯಾದ ಸೆರಿಟೋಸ್ ಊರಿನ ಮೇಲೆ ಪ್ರಯಾಣಿಕ ಜೆಟ್ ಮತ್ತು ಪುಟ್ಟ ಪೈಪರ್ ವಿಮಾನ ಡಿಕ್ಕಿಯಾದವು. ನೆಲದ ಮೇಲಿದ್ದವರೂ ಸೇರಿ 82 ಜನ ಸತ್ತರು. ಪೈಪರ್‌ನಲ್ಲಿ ರೇಡಾರ್ ವಿಚಾರಿಸಿದಾಗ ಉತ್ತರಿಸುವ ಟ್ರಾನ್ಸ್‌ಪಾಂಡರ್ ಇತ್ತು, ಆದರೆ ಅದು ಎತ್ತರ ಹೇಳುತ್ತಿರಲಿಲ್ಲ. ಆಮೇಲೆ ದೊಡ್ಡ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್ ಕಡ್ಡಾಯವಾಯಿತು. ನಮ್ಮಲ್ಲೂ 1996ರಲ್ಲಿ ಚರ್ಖಿ ದಾದ್ರಿಯ ಮೇಲೆ 349 ಜನ ಸತ್ತ ನಂತರ ಡಿಕ್ಕಿ ತಪ್ಪಿಸುವ ಸಾಧನ ಕಡ್ಡಾಯವಾಗಿದ್ದು ನೆನಪಿರಬಹುದು. ವಿಮಾನಯಾನ ಕಂಪನಿ ಅಂಥ ಖರ್ಚನ್ನು ಟಿಕೆಟ್‌ಗೆ ಸೇರಿಸುತ್ತದೆ. ಸ್ವಂತಕ್ಕೆ ಹಾರಿಸುವವನಿಗೆ ಟಿಕೆಟ್ ಎಲ್ಲಿಂದ ಬರಬೇಕು?

ದೊಡ್ಡ ಜಗಳ ಶುರುವಾಗಿದ್ದು 2010ರ ಮೇ ತಿಂಗಳಲ್ಲಿ. 2020ರ ಜನವರಿ 1ರಿಂದ ಎಡಿಎಸ್-ಬಿ ಔಟ್ ಎಂಬ, ವಿಮಾನದ ಜಾಗವನ್ನು ಸಾರುವ ಸಾಧನ ಇಲ್ಲದ ವಿಮಾನ ದೊಡ್ಡ ನಿಲ್ದಾಣಗಳ ಸುತ್ತ ಬರುವಂತಿಲ್ಲ, 10,000 ಅಡಿ ಮೇಲೆ ಹೆಚ್ಚಿನ ಕಡೆ ಹಾರುವಂತಿಲ್ಲ ಎಂದು ಎಫ್‌ಎಎ ನಿಯಮ ತಂದಿತು. ಕೆಲಸ ಸರಳ. ನೆಲದ ರೇಡಾರ್ ವಿಚಾರಿಸುವ ತನಕ ಕಾಯದೆ, ವಿಮಾನವೇ ಜಿಪಿಎಸ್‌ನಿಂದ ತನ್ನ ಜಾಗ ತಿಳಿದುಕೊಂಡು ಸೆಕೆಂಡಿಗೊಮ್ಮೆ ಸಾರುತ್ತದೆ. ಕೇಳಿಸಿಕೊಳ್ಳಲು ನೆಲದಲ್ಲಿ ಆರುನೂರಕ್ಕೂ ಹೆಚ್ಚು ಕೇಂದ್ರಗಳು ಎದ್ದವು. ಸುರಕ್ಷತೆಗೆ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಇದಕ್ಕೆ ಸಾಮಾನ್ಯ ಜಿಪಿಎಸ್ ಸಾಲದು. ನಿಖರತೆಗೆ ಪ್ರಮಾಣಪತ್ರ ಇರುವಂಥದ್ದೇ ಬೇಕು. ಮೊದಲ ವರ್ಷಗಳಲ್ಲಿ ಪೆಟ್ಟಿಗೆ, ಆಂಟೆನಾ, ಕೂಲಿ, ಕಾಗದಪತ್ರ ಎಲ್ಲ ಸೇರಿ ಐದಾರು ಸಾವಿರ ಡಾಲರ್ ಸುಲಭವಾಗಿ ದಾಟುತ್ತಿತ್ತು. ಆಗ ಒಂದು ಹಳೆ ಸೆಸ್ನಾ 150 ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. ವಿಮಾನದ ಬೆಲೆಯ ಕಾಲು ಭಾಗ ಒಂದು ಪೆಟ್ಟಿಗೆಗೆ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ಹೆಚ್ಚಿನವರು ಕಾದರು. ಕಾದವರೇ ಗೆದ್ದರು! 2016ರಲ್ಲಿ ಎಫ್‌ಎಎ 500 ಡಾಲರ್ ರಿಯಾಯಿತಿ ಘೋಷಿಸಿತು. ಅದು ಒಂದೇ ಪಿಸ್ಟನ್ ಎಂಜಿನ್ನಿನ ವಿಮಾನಕ್ಕೆ ಮಾತ್ರ, ಅದೂ ಇನ್ನೂ ಹಾಕಿಸದಿದ್ದವರಿಗೆ. ಆದೇಶಕ್ಕೆ ಮರ್ಯಾದೆ ಕೊಟ್ಟು ಮೊದಲೇ ಹಾಕಿಸಿದವರಿಗೆ ಏನೂ ಇಲ್ಲ. ಹಾಕಿಸಿಯಾದ ಮೇಲೆ ಪರೀಕ್ಷೆಗೆಂದು ಒಂದು ಸುತ್ತು ಹಾರಿ, ಸರಿಯಾಗಿದೆ ಎಂಬ ವರದಿ ಪಡೆದರಷ್ಟೇ ಹಣ. 2018ರ ಹೊತ್ತಿಗೆ ರೆಕ್ಕೆಯ ತುದಿಯ ದೀಪ ಬಿಚ್ಚಿ ಅದೇ ಜಾಗದಲ್ಲಿ, ಅದೇ ವೈರಿಗೆ ಸಿಕ್ಕಿಸುವ ಸಾಧನ ಬಂತು. ಬೆಲೆ ಎರಡು ಸಾವಿರ ಡಾಲರಿಗಿಂತ ಕಡಿಮೆ. ಒಳಗಿನ ಪ್ಯಾನೆಲ್ ಮುಟ್ಟುವ ಗೋಜೇ ಇಲ್ಲ. ಇದೇ ಮೊದಲು ಬಂದಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲ.

ಎಲ್ಲರಿಗೂ ಈ ನಿಯಮ ಅನ್ವಯಿಸಲಿಲ್ಲ ಅನ್ನುವುದನ್ನೂ ಹೇಳಬೇಕು. ಎಂಜಿನ್ನಿನಿಂದ ನಡೆಯುವ ವಿದ್ಯುತ್ ವ್ಯವಸ್ಥೆಯೇ ಇಲ್ಲದ ಪೈಪರ್ ಕಬ್‌ನಂಥ ಹಳೆ ವಿಮಾನಗಳಿಗೆ ಹೆಚ್ಚಿನ ಕಡೆ ವಿನಾಯಿತಿ ಇದೆ. ಹಳ್ಳಿಯ ರನ್‌ವೇಯಿಂದ ಎದ್ದು, ಕೆಳಗೇ ಹಾರಿ, ಅಲ್ಲೇ ಇಳಿಯುವವರಿಗೂ ತೊಂದರೆ ಇಲ್ಲ. ಆದರೆ ಪಕ್ಕದ ದೊಡ್ಡ ಊರಿಗೆ ರಿಪೇರಿಗೆ ಹೋಗಬೇಕಾದರೆ ಮುಂಚೆಯೇ ಅನುಮತಿ ಕೇಳಬೇಕು.

ಹಾಕಿಸಿಕೊಂಡವರಿಗೆ ಇನ್ನೊಂದು ಬಿಲ್ ಕಾದಿತ್ತು. ವಿಮಾನ ತಾನೇ ತನ್ನ ಗುರುತು ಸಾರುವುದರಿಂದ, ಯಾವ ವಿಮಾನ ಎಲ್ಲಿ ಇಳಿಯಿತು ಅಂತ ಯಾರು ಬೇಕಾದರೂ ನೋಡಬಹುದು. ಕೆಲವು ನಿಲ್ದಾಣಗಳು ಖಾಸಗಿ ಕಂಪನಿಗಳ ಮೂಲಕ ಅದೇ ಮಾಹಿತಿ ಹಿಡಿದು ಇಳಿದಿದ್ದಕ್ಕೆ ಶುಲ್ಕ ಕೇಳತೊಡಗಿದವು. ಡಿಕ್ಕಿ ತಪ್ಪಿಸಲೆಂದು ಕೈಯಿಂದ ಹಣ ಹಾಕಿ ಕೂರಿಸಿದ ಪೆಟ್ಟಿಗೆಯೇ ವಸೂಲಿಗೂ ದಾರಿ ಮಾಡಿತು. ಇದನ್ನು ತಡೆಯಲು 2025ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಸೂದೆ ಮಂಡನೆಯಾಗಿದೆ.

ಅದೇ ವರ್ಷ ಜನವರಿ 29ರಂದು ವಾಷಿಂಗ್ಟನ್ನಿನಲ್ಲಿ ಪ್ರಯಾಣಿಕ ಜೆಟ್ ಮತ್ತು ಸೇನೆಯ ಹೆಲಿಕಾಪ್ಟರ್ ಡಿಕ್ಕಿಯಾಗಿ 67 ಜನ ಸತ್ತರು. ಹೆಲಿಕಾಪ್ಟರಿನಿಂದ ಎಡಿಎಸ್-ಬಿ ಪ್ರಸಾರ ಆಗುತ್ತಿರಲಿಲ್ಲ. ಸೇನೆಗೆ ನಿಯಮದಲ್ಲಿ ಸಡಿಲಿಕೆ ಇತ್ತು. ಈಗ ಸಾರುವುದಷ್ಟೇ ಅಲ್ಲ, ಬೇರೆಯವರು ಸಾರಿದ್ದನ್ನು ಕೇಳಿಸಿಕೊಳ್ಳುವ ಎಡಿಎಸ್-ಬಿ ಇನ್ ಕೂಡ ಕಡ್ಡಾಯವಾಗಲಿ ಎಂಬ ಒತ್ತಾಯ ಜೋರಾಗಿದೆ. ಎಷ್ಟೋ ಮಾಲೀಕರು ಕಿಟಕಿಗೆ ಅಂಟಿಸುವ ಸಣ್ಣ ರಿಸೀವರ್ ಮತ್ತು ಒಂದು ಟ್ಯಾಬ್ಲೆಟ್ ಇಟ್ಟುಕೊಂಡು ಆ ಕೆಲಸವನ್ನು ಆಗಲೇ ಮಾಡಿಕೊಳ್ಳುತ್ತಿದ್ದಾರೆ. ಅದನ್ನು ಒಪ್ಪುತ್ತಾರೋ, ಇಲ್ಲಾ ಪ್ರಮಾಣಪತ್ರ ಇರುವ ಪೆಟ್ಟಿಗೆಯೇ ಬೇಕು ಅನ್ನುತ್ತಾರೋ ಎಂಬುದರ ಮೇಲೆ ಅವರ ಮುಂದಿನ ಬಿಲ್ ನಿಂತಿದೆ.