ಮಳೆ ತಾಗದ ಪೈಪಿಗೇ ತುಕ್ಕು ಜಾಸ್ತಿ

ಕಡಲ ತೀರದ ಮನೆಗಳಲ್ಲಿ ಪೈಪು, ನಲ್ಲಿ, ವಾಲ್ವು ಬೇಗ ಹಾಳಾದರೆ ಎಲ್ಲರೂ ದೂರುವುದು ಮಳೆಯನ್ನು. ಹಾಗಾಗಿ ಸೂರಿನಡಿಯ ಪೈಪಿನ ಚಿಂತೆ ಯಾರಿಗೂ ಇರುವುದಿಲ್ಲ. ಈ ನಂಬಿಕೆ ತಪ್ಪು, ದುಬಾರಿಯೂ ಹೌದು. ಕಬ್ಬಿಣದ ಪೈಪು ಗೋಡೆಗೆ ಆನಿಕೊಂಡ ಕಡೆ, ಕ್ಲಾಂಪಿನ ಅಡಿಯಲ್ಲಿ ಬೆರಳಾಡಿಸಿ ನೋಡಿ. ಮಳೆಗೆ ಒಡ್ಡಿಕೊಂಡ ಮೈಗಿಂತ ಅಲ್ಲೇ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಎದ್ದು ಬರುತ್ತದೆ.

ಕಾರಣ ಉಪ್ಪು. ಅಲೆ ಒಡೆದಾಗ ಸಿಡಿದ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಲೋಹದ ಮೇಲೆ ಕೂರುತ್ತವೆ. ಮಳೆ ಅದನ್ನು ತೊಳೆದುಬಿಡುತ್ತದೆ. ಮರೆಯ ಜಾಗದಲ್ಲಿ ತೊಳೆಯುವವರಿಲ್ಲ, ಉಪ್ಪು ಕೂಡುತ್ತಲೇ ಹೋಗುತ್ತದೆ. ಗಾಳಿಯ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಸೋಡಿಯಂ ಕ್ಲೋರೈಡ್ ಗಾಳಿಯ ತೇವವನ್ನೇ ಹೀರಿ ಕರಗುತ್ತದೆ. ಮುಚ್ಚಳ ತೆರೆದಿಟ್ಟ ಉಪ್ಪಿನ ಡಬ್ಬಿ ನೀರೊಡೆಯುವುದು ಹೀಗೆಯೇ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33 ಇದ್ದರೂ ಸಾಕು. ಅಂದರೆ ನಮ್ಮ ಕಣ್ಣಿಗೆ ಒಣಗಿದಂತೆ ಕಾಣುವ ಪೈಪಿನ ಮೇಲೆ ಉಪ್ಪುನೀರಿನ ತೆಳು ಪೊರೆ ಹಗಲು ರಾತ್ರಿ ಇರುತ್ತದೆ. ಅದಕ್ಕೇ ಮರೆಯಲ್ಲಿರುವ ಪೈಪು, ನಲ್ಲಿಗಳನ್ನು ಆಗಾಗ ಸಿಹಿನೀರಿನಿಂದ ತೊಳೆದು ಒರೆಸಬೇಕು. ಬಣ್ಣ ಬಳಿಯುವುದಾದರೂ ತೊಳೆದು ಒಣಗಿಸಿದ ಮೇಲೆಯೇ. ಉಪ್ಪಿನ ಮೇಲೆ ಬಳಿದ ಬಣ್ಣ ಗುಳ್ಳೆಯೇಳುತ್ತದೆ.

ಪೈಪು ಬೆವರುವುದನ್ನು ಸೋರಿಕೆಯೆಂದು ತಿಳಿದು ಗೋಡೆ ಒಡೆಸುವವರೂ ಇದ್ದಾರೆ. 30 ಡಿಗ್ರಿ ಸೆಲ್ಸಿಯಸ್, ಶೇ. 80 ಆರ್ದ್ರತೆ ಇರುವ ಗಾಳಿಯಲ್ಲಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ಹನಿ ಕಟ್ಟುತ್ತದೆ. ಪೈಪನ್ನು ಒರೆಸಿ ಕಾಯಿರಿ: ಉದ್ದಕ್ಕೂ ಸಮನಾಗಿ ಹನಿ ಮೂಡಿದರೆ ಬೆವರು, ಒಂದೇ ಜಾಗದಲ್ಲಿ ಜಿನುಗಿದರೆ ಸೋರಿಕೆ. ಬೆವರಿಗೆ ಫೋಮಿನ ಹೊದಿಕೆ ಸಾಕು, ಆದರೆ ಅದರ ಸಂದುಗಳನ್ನು ಟೇಪಿನಿಂದ ಮುಚ್ಚಬೇಕು. ಇಲ್ಲದಿದ್ದರೆ ಹೊದಿಕೆಯೊಳಗೇ ನೀರು ನಿಲ್ಲುತ್ತದೆ.

ಇನ್ನು ಜೋಡಣೆಗಳ ಮಾತು. ಸತು ಲೇಪಿಸಿದ ಕಬ್ಬಿಣದ ಪೈಪಿಗೆ ಹಿತ್ತಾಳೆಯ ವಾಲ್ವನ್ನು ನೇರವಾಗಿ ತಿರುಗಿಸಿ ಕೂರಿಸಿದರೆ, ನಡುವಿನ ನೀರೂ ಸೇರಿ ಅದೊಂದು ಬ್ಯಾಟರಿ. ಸವೆಯುವ ಸರದಿ ಮೊದಲು ಸತುವಿನದು, ಆಮೇಲೆ ಕಬ್ಬಿಣದ್ದು. ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪು ನೀರನ್ನು ತಡೆಯುತ್ತದೆಯೇ ಹೊರತು ವಿದ್ಯುತ್ತನ್ನಲ್ಲ. ಬಿಗಿಯುವಾಗ ಅದು ಹರಿದು ಲೋಹಕ್ಕೆ ಲೋಹ ತಾಗುತ್ತದೆ.

ಬ್ರಿಟಿಷ್ ನೌಕಾಪಡೆ ಈ ಪಾಠ ಕಲಿತದ್ದು ನಷ್ಟ ಅನುಭವಿಸಿ. 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿದರು. 1763ರಲ್ಲಿ ಪರೀಕ್ಷಿಸಿದಾಗ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ತಗಡು ಸುತ್ತಿ ತಂದಿದ್ದ ಕಂದು ಕಾಗದ ನಡುವೆ ಉಳಿದುಕೊಂಡಿದ್ದ ಕಡೆ ಮಾತ್ರ ಮೊಳೆ ಗಟ್ಟಿಯಾಗಿತ್ತು. ಇಟಲಿಯ ವಿಜ್ಞಾನಿ ವೋಲ್ಟಾ ಮೊದಲ ಬ್ಯಾಟರಿ ಕಟ್ಟುವುದಕ್ಕೆ ಇನ್ನೂ ಸುಮಾರು 40 ವರ್ಷ ಇದ್ದ ಕಾಲ ಅದು! ಆ ಕಾಗದದ ಕೆಲಸವನ್ನೇ ಇಂದು ಎರಡು ಲೋಹಗಳ ನಡುವೆ ಹಾಕುವ ಪ್ಲಾಸ್ಟಿಕ್ ಜೋಡಣೆ ಮಾಡುತ್ತದೆ.

1824ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಇದೇ ಕಾಟವನ್ನು ಉಪಕಾರವಾಗಿ ತಿರುಗಿಸಿದ. ತಾಮ್ರದ ತಳಕ್ಕೆ ಕಬ್ಬಿಣ ಅಥವಾ ಸತುವಿನ ತುಂಡು ಜೋಡಿಸಿದರೆ ತುಂಡು ಸವೆದು ತಾಮ್ರ ಉಳಿಯುತ್ತದೆಂದು ತೋರಿಸಿದ. ತಾಮ್ರ ಉಳಿಯಿತು, ಕರಗುವ ತಾಮ್ರದ ವಿಷ ನಿಂತದ್ದರಿಂದ ಹಡಗಿನ ತಳಕ್ಕೆ ಬಾರ್ನಕಲ್ ಎಂಬ ಅಂಟಿ ಬೆಳೆಯುವ ಚಿಪ್ಪುಜೀವಿಗಳು ಮುತ್ತಿಕೊಂಡವು! ಅವನ ಉಪಾಯ ಮಾತ್ರ ಸ್ಟೋರೇಜ್ ಗೀಸರಿನೊಳಗೆ ಇಂದಿಗೂ ದುಡಿಯುತ್ತಿದೆ. ಹಲವು ಗೀಸರುಗಳ ಟ್ಯಾಂಕಿನಲ್ಲಿ ಮೆಗ್ನೀಸಿಯಂ ಸರಳೊಂದು ಉಕ್ಕಿನ ಬದಲು ತಾನು ಸವೆಯುತ್ತಿರುತ್ತದೆ. ವರ್ಷಕ್ಕೊಮ್ಮೆ ಕರೆಂಟು ತೆಗೆಸಿ, ನೀರು ಖಾಲಿ ಮಾಡಿಸಿ ಅದನ್ನು ಬಿಚ್ಚಿ ನೋಡಿಸಿ. ಒಳಗಿನ ಉಕ್ಕಿನ ತಂತಿ ಕಾಣಿಸುತ್ತಿದ್ದರೆ ಸರಳನ್ನು ಬದಲಿಸಲೇಬೇಕು.