ಕ್ಯಾನ್ಸರ್ ರಿಪೋರ್ಟಿನಲ್ಲಿ ಅರ್ಜಿನೀನ್ ಯಾಕೆ ಇಷ್ಟು ಸಲ ಕಾಣುತ್ತದೆ?

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾದರೆ ಬಯಾಪ್ಸಿ ರಿಪೋರ್ಟಿನ ಜೊತೆ ಈಗ ಜೀನ್ ಪರೀಕ್ಷೆಯ ರಿಪೋರ್ಟೂ ಬರುವುದುಂಟು. ಅದರಲ್ಲಿ 'ಇಜಿಎಫ್‌ಆರ್ ಎಲ್858ಆರ್' ಅಂತ ಇದ್ದರೆ ಡಾಕ್ಟರು ಕೀಮೋ ಬದಲು ಮಾತ್ರೆ ಬರೆಯಬಹುದು. ಕೋಶಕ್ಕೆ ಬೆಳೆಯುವ ಸೂಚನೆ ಮುಟ್ಟಿಸುವ ಇಜಿಎಫ್‌ಆರ್ ಪ್ರೊಟೀನಿನ 858ನೇ ಜಾಗದಲ್ಲಿ ಲ್ಯೂಸೀನ್ ಅನ್ನೋ ಅಮೈನೋ ಆಮ್ಲ (ಪ್ರೊಟೀನು ಕಟ್ಟುವ ಮಣಿ) ಹೋಗಿ ಅರ್ಜಿನೀನ್ ಅನ್ನೋ ಇನ್ನೊಂದು ಬಂದಿದೆ ಅಂತ ಅದರ ಅರ್ಥ. ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಬದಲಾದದ್ದು ಒಂದೇ ಒಂದು.

ಇಷ್ಟು ಸಣ್ಣ ಬದಲಾವಣೆಯಿಂದ ರೋಗ ಬರುತ್ತದೆ ಅಂತ ಮೊದಲು ಗೊತ್ತಾಗಿದ್ದು ಸಿಕಲ್ ಸೆಲ್ ಕಾಯಿಲೆಯಲ್ಲಿ. 1957ರ ಹೊತ್ತಿಗೆ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ ಅದನ್ನು ತೋರಿಸಿದ್ದರು. ಕ್ಯಾನ್ಸರಿನ ಸರದಿ ಬಂದಿದ್ದು 1982ರಲ್ಲಿ. ಅಮೆರಿಕದ ಮೂರು ಲ್ಯಾಬ್‌ಗಳು ಮೂತ್ರಕೋಶದ ಕ್ಯಾನ್ಸರ್ ಕೋಶಗಳಲ್ಲಿ ರಾಸ್ ಅನ್ನೋ ಜೀನನ್ನು ಹಿಡಿದವು. 189 ಅಮೈನೋ ಆಮ್ಲಗಳ ಆ ಪ್ರೊಟೀನಿನಲ್ಲಿ 12ನೆಯದು ಮಾತ್ರ ಬೇರೆ: ಗ್ಲೈಸೀನ್ ಇರಬೇಕಾದ ಕಡೆ ವ್ಯಾಲೀನ್.

ಗ್ಲೈಸೀನ್‌ಗೆ ಪಕ್ಕದ ಕವಲೇ ಇಲ್ಲ, ಬರೀ ಒಂದು ಹೈಡ್ರೋಜನ್. ಹಾಗಾಗಿ ಅದು ಬೇರೆಯವು ಬಾಗದ ಕೋನಕ್ಕೂ ಬಾಗುತ್ತದೆ. ವಿಜ್ಞಾನಿ ಜಿ.ಎನ್. ರಾಮಚಂದ್ರನ್ ಮದ್ರಾಸಿನಲ್ಲಿದ್ದಾಗ, 1963ರಲ್ಲಿ, ಸಂಗಡಿಗರ ಜೊತೆ ಪ್ರಕಟಿಸಿದ ನಕ್ಷೆ ಇಂಥ ಕೋನಗಳದ್ದೇ. ಆಮೇಲೆ ಅವರು ನಮ್ಮ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ರಾಸ್ ಪ್ರೊಟೀನಿನಲ್ಲಿ ಮುಖ್ಯವಾಗುವುದು ಆ ಕವಲಿಲ್ಲದ ಖಾಲಿ ಜಾಗ. ಕೋಶಕ್ಕೆ 'ಬೆಳೆ' ಅಂತ ಹೇಳುವ ರಾಸನ್ನು ಆಫ್ ಮಾಡಲು ಇನ್ನೊಂದು ಪ್ರೊಟೀನು ತನ್ನ ಅರ್ಜಿನೀನನ್ನು ಅಲ್ಲಿ ತೂರಿಸಬೇಕು. ವ್ಯಾಲೀನ್ ಬಂದರೆ ಜಾಗ ಸಾಲದು. ರಾಸ್ ಆಫ್ ಆಗುವುದೇ ಇಲ್ಲ.

ಪಿ53 ಪ್ರೊಟೀನಿನ ಕಥೆ ಉಲ್ಟಾ. 1979ರಲ್ಲಿ ಸಿಕ್ಕಾಗ ಅದನ್ನೇ ಕ್ಯಾನ್ಸರ್ ತರುವ ಖಳ ಅಂದುಕೊಂಡರು. ಲ್ಯಾಬ್‌ಗಳಲ್ಲಿ ಬಳಸುತ್ತಿದ್ದ ಜೀನೇ ಮ್ಯುಟೇಶನ್ ಆದದ್ದಾಗಿತ್ತು! ಅದು ನಿಜಕ್ಕೂ ಕಾವಲಿನದು ಅಂತ ಸ್ಪಷ್ಟವಾಗಲು 1989 ಬರಬೇಕಾಯಿತು. ಈಗ ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಇದು ಕೆಟ್ಟಿರುತ್ತದೆ ಅಂತ ಗೊತ್ತು. ಇದರಲ್ಲಿ 393 ಅಮೈನೋ ಆಮ್ಲಗಳಿವೆ. ಆದರೂ ಪೆಟ್ಟು ಮತ್ತೆ ಮತ್ತೆ ಬೀಳುವುದು 175, 248, 273ರ ಮೇಲೆ. ಮೂರೂ ಅರ್ಜಿನೀನೇ.

ಇದು ಕಾಕತಾಳೀಯ ಅಲ್ಲ. ಅರ್ಜಿನೀನ್‌ಗೆ ಡಿಎನ್‌ಎಯಲ್ಲಿ ಮೂರಕ್ಷರದ ಆರು ಸಂಕೇತಗಳಿವೆ. ಅವುಗಳಲ್ಲಿ ನಾಲ್ಕು ಶುರುವಾಗುವುದು ಸಿ-ಜಿ ಅಕ್ಷರಗಳ ಜೋಡಿಯಿಂದ. ನಮ್ಮ ಕೋಶಗಳು ಈ ಜೋಡಿಯ ಸಿ ಮೇಲೆ ಮೀಥೈಲ್ ಅನ್ನೋ ಒಂದು ಸಣ್ಣ ರಾಸಾಯನಿಕ ಗುಂಪನ್ನು ಕೂರಿಸಿರುತ್ತವೆ. ಅಂಥ ಸಿ ವಯಸ್ಸಾದಂತೆ ಸುಮ್ನೆ ತನ್ನಷ್ಟಕ್ಕೇ ಟಿ ಆಗಿಬಿಡುತ್ತದೆ. ಆಗ ಅರ್ಜಿನೀನ್ ಹೋಗಿ ಹಿಸ್ಟಿಡೀನ್, ಸಿಸ್ಟೀನ್, ಗ್ಲುಟಮೀನ್ ಅಥವಾ ಟ್ರಿಪ್ಟೊಫ್ಯಾನ್ ಬರುತ್ತದೆ. ಸಿಗರೇಟು ಬೇಡ, ಬಿಸಿಲೂ ಬೇಡ. ಹಾಗಂತ ಜಾಸ್ತಿ ಬದಲಾಗುವುದೆಲ್ಲ ಕ್ಯಾನ್ಸರ್ ತರುತ್ತದೆ ಅಂತಲ್ಲ. ಜಾಗವೂ ಮುಖ್ಯ, ಅಲ್ವಾ? 248 ಮತ್ತು 273 ನೇರವಾಗಿ ಡಿಎನ್‌ಎ ಹಿಡಿಯುವ ಬೆರಳುಗಳು. 175 ಪ್ರೊಟೀನಿನ ಆಕಾರ ಕಾಯುತ್ತದೆ. ಕೆಡುವುದು ಸುಲಭ, ಕೆಟ್ಟರೆ ಗಡ್ಡೆಗೆ ಲಾಭ. ಎರಡೂ ಕೂಡಿದಲ್ಲೇ, ಮತ್ತೆ ಮತ್ತೆ ಕಾಣುವ ಬದಲಾವಣೆಗಳ ಪಟ್ಟಿಯ ಮೇಲ್ಸಾಲು ತುಂಬುತ್ತದೆ. ಮೊದಲನೆಯದನ್ನು ಮರೆತು ಬರೀ ಸಂಖ್ಯೆ ನೋಡಿದರೆ ದಾರಿ ತಪ್ಪುತ್ತೇವೆ.

ಪಕ್ಕದ 249ನೆಯದೂ ಅರ್ಜಿನೀನೇ, ಆದರೆ ಅದರ ಸಂಕೇತ ಎಜಿಜಿ. ಅದರೊಳಗೆ ಸಿ-ಜಿ ಜೋಡಿ ಇಲ್ಲ. 1991ರಲ್ಲಿ ಚೀನಾದ ಚಿಡಾಂಗ್ ಮತ್ತು ಆಫ್ರಿಕಾದ ದಕ್ಷಿಣ ಭಾಗದ ಲಿವರ್ ಕ್ಯಾನ್ಸರ್‌ಗಳಲ್ಲಿ ಅದೇ ಮತ್ತೆ ಮತ್ತೆ ಸೆರೀನ್ ಆಗಿದ್ದು ಕಂಡಿತು. ಅದರ ಹಿಂದೆ ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳಗಳಲ್ಲಿರುವ ಅಫ್ಲಟಾಕ್ಸಿನ್ ವಿಷದ ಗುರುತಿತ್ತು. (ಬಸವನಗುಡಿ ಪರಿಷೆ ಬಿಡಬೇಕಿಲ್ಲ, ಮುಗ್ಗಲು ಬೀಜ ಎಸೆದರಾಯಿತು.)

ಕೆಲವು ಬದಲಾವಣೆಗಳು ಪ್ರೊಟೀನಿಗೆ ಹೊಸ ಕೆಲಸವನ್ನೇ ಕೊಡುತ್ತವೆ. ಮಿದುಳಿನ ಗಡ್ಡೆಗಳಲ್ಲಿ 2008ರಲ್ಲಿ ಐಡಿಎಚ್1 ಅನ್ನೋ ಕಿಣ್ವದ 132ನೇ ಅರ್ಜಿನೀನ್ ಹಿಸ್ಟಿಡೀನ್ ಆಗಿದ್ದು ಸಿಕ್ಕಿತು. ಕಿಣ್ವ ಸತ್ತಿದೆ ಅಂದುಕೊಂಡರೆ, ಅದು ಬೇರೆಯದೇ ರಾಸಾಯನಿಕ ಮಾಡಿ ಕೋಶದಲ್ಲಿ ರಾಶಿ ಹಾಕುತ್ತಿದೆ ಅಂತ ಮರುವರ್ಷ ತಿಳಿಯಿತು. ಅದನ್ನು ತಡೆಯುವ ಔಷಧಗಳು ಈಗ ಇವೆ. 'ಔಷಧಕ್ಕೆ ಸಿಗದು' ಅನಿಸಿಕೊಂಡಿದ್ದ ರಾಸ್‌ಗೂ, 12ರಲ್ಲಿ ಸಿಸ್ಟೀನ್ ಬಂದ ಬಗೆಗೆ ಮಾತ್ರ, 2021ರಲ್ಲಿ ಅಮೆರಿಕದಲ್ಲಿ ಮಾತ್ರೆ ಒಪ್ಪಿಗೆ ಪಡೆಯಿತು.

ದೊಡ್ಡ ತಲೆನೋವು ಇರುವುದು ಹುಟ್ಟಿನಿಂದಲೇ ಬಂದ, ಹೆಸರಿಲ್ಲದ ಬದಲಾವಣೆಗಳದ್ದು. ಸ್ತನ, ಅಂಡಾಶಯ ಕ್ಯಾನ್ಸರಿನ ಹುಟ್ಟಿನಿಂದಲೇ ಬಂದ ಅಪಾಯ ತಿಳಿಸುವ ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿಸಿದವರ ರಿಪೋರ್ಟಿನಲ್ಲಿ 'ವಿಯುಎಸ್' ಅಂತ ಬಂದರೆ ಹಾನಿಯೋ ಅಲ್ಲವೋ ತೀರ್ಮಾನವಾಗಿಲ್ಲ ಅಂತ ಅರ್ಥ. 2023ರಲ್ಲಿ ಆಲ್ಫಾಮಿಸ್‌ಸೆನ್ಸ್ ಕಂಪ್ಯೂಟರ್ ಮಾದರಿ ಮನುಷ್ಯರ ಪ್ರೊಟೀನುಗಳಲ್ಲಿ ಆಗಬಹುದಾದ, ಒಂದೊಂದೇ ಅಮೈನೋ ಆಮ್ಲದ ಸುಮಾರು 7.1 ಕೋಟಿ ಬದಲಾವಣೆಗಳಿಗೆ ಅಂದಾಜು ಕೊಟ್ಟಿತು. ಶೇ. 32 ಬಹುಶಃ ಹಾನಿಕರ, ಶೇ. 57 ನಿರಪಾಯ, ಉಳಿದದ್ದು ಅನಿಶ್ಚಿತ. ಅಂದಾಜು ಅಂದಾಜೇ. ಆರೋಗ್ಯವಂತರಲ್ಲೂ ಆ ಬದಲಾವಣೆ ಸಾಮಾನ್ಯ ಅಂತ ಗೊತ್ತಾದರೆ ಹೆಚ್ಚು ನಿರಾಳ. ಆದರೆ ಜಗತ್ತಿನ ಜೀನ್ ಮಾಹಿತಿ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10,000 ಭಾರತೀಯರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿದ್ದು ಅದಕ್ಕೇ ಮುಖ್ಯ. ಮನೆಯಲ್ಲಿ ಹಳೇ ವಿಯುಎಸ್ ರಿಪೋರ್ಟ್ ಇದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಮತ್ತೊಮ್ಮೆ ತೋರಿಸಿ. ವರ್ಗ ಬದಲಾಗಿರುವುದುಂಟು.